ಮುಟ್ಟಬಾರದ ಪಾಕ

ಮುಟ್ಟಿದರೆ ಮರಳು, ಬಿಟ್ಟರೆ ಬೆಣ್ಣೆ. ಏನು ಹೇಳಿ?

ತಲೆ ಕೆರೆದುಕೊಳ್ಳಬೇಡಿ, ಬರೋದಿಲ್ಲ. ಹೊಳೆದಂಡೆಯ ಆಶ್ರಮದಲ್ಲಿ ಸೋಮಲಿಂಗ ಅನ್ನೋ ಶಿಷ್ಯ ಇದ್ದ. ಗಡ್ಡ ನರೆಯುವ ತನಕ ವೇದಾಂತ ಓದಿದವನು. ಅವನಿಗೇ ಬರಲಿಲ್ಲ.

ಉತ್ತರ, ಈಚಲ ರಸದ ಬರ್ಫಿ.

ಅವತ್ತು ಗುರುಗಳು ಬೆಳಗಿನಿಂದ ಒಲೆ ಮುಂದೆ ಕೂತಿದ್ದರು. ಈಚಲ ಮರದ ಸಿಹಿ ರಸ ಬಾಣಲೆಯಲ್ಲಿ ಬತ್ತಿ ಬತ್ತಿ ಕೆಂಪಾಗಿತ್ತು. ಹಾಲು ಬಿತ್ತು, ಬೆಣ್ಣೆ ಬಿತ್ತು. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡಿದರು. ಮೆತ್ತನೆ ಉಂಡೆಯಾಯಿತು. ಬಾಣಲೆ ಇಳಿಸಿದರು.

"ಸನ್ಯಾಸಿಗಳಿಗೆ ಬರ್ಫಿ ಯಾಕೆ ಗುರುಗಳೇ?" ಸೋಮಲಿಂಗ ಹಲ್ಲು ಕಿರಿದ.

"ಅಕ್ಕ ಬರ್ತಾಳೆ. ನಾನು ಮನೆ ಬಿಟ್ಟ ದಿನ ಇದನ್ನೇ ಮಾಡಿ ಆರೋದಕ್ಕೆ ಇಟ್ಟಿದ್ದಳು. ಆರುವ ತನಕ ನಾನು ನಿಲ್ಲಲಿಲ್ಲ. ಹೇಳದೆ ಹೊರಟುಬಿಟ್ಟೆ. ಆಮೇಲೆ ನಾವು ಮಾತಾಡಿಲ್ಲ."

"ಈಗ?"

"ಈಗ ಅವಳಿಗೆ ಹಲ್ಲಿಲ್ಲ. ಬಾಯಲ್ಲಿ ಕರಗಬೇಕು. ನನ್ನ ಕೈಯಾರೆ ಒಂದು ತುಂಡು ಕೊಡಬೇಕು. ಕೊಟ್ಟು ಕ್ಷಮೆ ಕೇಳಬೇಕು."

ಗುರುಗಳು ಎದ್ದರು. "ಅವಳನ್ನು ಕರೆತರ್ತೀನಿ. ಬಾಣಲೆಯ ತಳ ಅಂಗೈಗೆ ಬೆಚ್ಚಗಾದ ಮೇಲೆ ನಾನೇ ಕಡೆಯುತ್ತೇನೆ. ಅಲ್ಲಿವರೆಗೆ ನೀನು ಏನೂ ಮಾಡಬೇಡ."

"ಏನೂ ಮಾಡದೆ ಇರೋದರಲ್ಲಿ ನನ್ನನ್ನ ಮೀರಿಸೋರು ಯಾರು?"

ಗುರುಗಳು ನಗದೆ ದಡದ ಕಡೆ ನಡೆದರು.

ಸೋಮಲಿಂಗ ಕಾವಲು ಕೂತ. ಪಾಕದ ಮೇಲೆ ಕೆನೆ ಕಟ್ಟಿತು. ಕೆನೆ ಸುಕ್ಕಾಯಿತು. ಗುರುಗಳ ಅಕ್ಕನಿಗೆ ಇಂಥ ಸುಕ್ಕಿನದ್ದು ಕೊಡೋದಾ? ಭಕ್ತಿ ತಡೆಯಲಿಲ್ಲ. ಸೌಟು ಹಾಕಿ ಒಂದು ಸುತ್ತು ತಿರುವಿದ. ಬಿಸಿ ಪಾಕ ಗರಗರ ಅಂದಿತು. ಗಾಬರಿಯಾಗಿ ಇನ್ನೂ ತಿರುವಿದ.

ಕಣ್ಣೆದುರೇ ಅಷ್ಟೂ ಮರಳಿನಂತೆ ಹರಳುಗಟ್ಟಿತು.

ಅಷ್ಟರಲ್ಲಿ ಗುರುಗಳ ಜೊತೆ ಅಕ್ಕ ಬಂದಳು. ದ್ಯಾಮಕ್ಕ. ಬಾಗಿದ ಬೆನ್ನು, ಚೂಪು ನಾಲಿಗೆ.

"ಏನೋ ಮರಿ, ಗಡ್ಡ ಬಿಟ್ಟರೆ ಗುರುತು ಸಿಗಲ್ಲ ಅಂದ್ಕೊಂಡ್ಯಾ?"

ಗುರುಗಳನ್ನು ಮರಿ ಅಂದವರನ್ನು ಸೋಮಲಿಂಗ ಕಂಡದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ನಕ್ಕು ನಕ್ಕು ಉರುಳುತ್ತಿದ್ದ.

ಗುರುಗಳು ಬಾಣಲೆ ನೋಡಿದರು. ಸೋಮಲಿಂಗನನ್ನು ನೋಡಲಿಲ್ಲ. ಒಂದು ತುಂಡು ಮುರಿದು ಅಕ್ಕನ ಅಂಗೈಗೆ ಇಟ್ಟರು.

ಅವಳು ಬಾಯಿಗೆ ಹಾಕಿಕೊಂಡಳು. ವಸಡಿನಲ್ಲಿ ಒತ್ತಿದಳು. ಮುಖ ಕಿವುಚಿ, ಸೆರಗಿನ ಮರೆಯಲ್ಲಿ ಮೆಲ್ಲಗೆ ತೆಗೆದುಬಿಟ್ಟಳು.

"ಅವತ್ತೇ ಒಂದು ಗಳಿಗೆ ನಿಂತಿದ್ದರೆ ಕಲಿತುಬಿಡ್ತಿದ್ದೆಯಲ್ಲೋ ಮರಿ."

ಗುರುಗಳ ತುಟಿ ಅಲುಗಿತು.

"ಅಜ್ಜೀ, ಗಾಳಿ ಏಳ್ತಿದೆ!" ಹರಿಗೋಲಿನವನು ದಡದಿಂದ ಕೂಗಿದ.

"ಬಂದೆ ಕಣಪ್ಪಾ." ದ್ಯಾಮಕ್ಕ ತಮ್ಮನ ಕೆನ್ನೆ ಸವರಿದಳು. "ಇನ್ನೊಂದು ಸಲ ಈ ಹೊಳೆ ದಾಟೋ ಶಕ್ತಿ ನನಗಿಲ್ಲ."

ಹೋದಳು.

ಸೋಮಲಿಂಗ ಗುರುಗಳ ಕಾಲಿಗೆ ಬಿದ್ದ. "ತಪ್ಪು ನಂದು ಅಂತ ಅವರ ಮುಂದೆ ಹೇಳಿಬಿಡಬೇಕಿತ್ತು. ಬಾಯೇ ಬರಲಿಲ್ಲ."

"ನನಗೂ" ಅಂದರು ಗುರುಗಳು.

ಆಮೇಲೆ ಬಾಣಲೆಗೆ ನೀರು ಸುರಿದು ಮತ್ತೆ ಒಲೆಯ ಮೇಲಿಟ್ಟರು. ನೀರು ಬೆರೆಸಿ ಕುದಿಸಿದರೆ ಹರಳು ಕರಗುತ್ತೆ, ಬರ್ಫಿ ಸರಿಹೋಗುತ್ತೆ.

"ಇನ್ನು ಯಾರಿಗೆ ಗುರುಗಳೇ? ಹರಿಗೋಲು ಹೋಯಿತಲ್ಲ."

"ನಾನು ಹೊರಟ ದಿನ ಅಕ್ಕನೂ ಹಾಗೇ ಅಂದುಕೊಂಡಿರಬೇಕು. ಉರಿ ಹಾಕು."

ನೀರು ಸುರಿದಲ್ಲಿಂದ ಈಚೆಗಿನದೆಲ್ಲ ನಾನು ಕಟ್ಟಿ ಹೇಳಿದ್ದು. ಕಂಡವರು ಹೇಳೋದು ಇಷ್ಟೇ: ಗುರುಗಳು ಹೊಳೆ ಕಡೆ ಮುಖ ಮಾಡಿ ಕೂತೇ ಇದ್ದರು. ಒಲೆ ಆರಿತು.