ದಾನಶೂರಕ್ಕೆ ಬಸ್ಸಿಲ್ಲ

ಬಸ್ ನಿಲ್ದಾಣದ ರಿಸರ್ವೇಶನ್ ಕೌಂಟರಿನಲ್ಲಿ ಕ್ಲಾರ್ಕ್ ನಿಂಗರಾಜನಿಗೆ ಹಳೇ ಕಂಪ್ಯೂಟರೊಂದು ಗಂಟುಬಿದ್ದಿತ್ತು. ಕಪ್ಪು ಪರದೆ, ಹಸಿರು ಅಕ್ಷರ. ಒಂದು ಪ್ರಶ್ನೆಗೆ ಅದು ಒಂದೇ ಪದ ನುಂಗುತ್ತಿತ್ತು. ಎರಡನೆಯ ಪದ ಬಂತೋ, ಅದು ಮುಂದಿನ ಪ್ರಶ್ನೆಯ ಉತ್ತರವೆಂದೇ ಲೆಕ್ಕ.

ರಾಯಚೂರು ಬಸ್ಸು ಇನ್ನೇನು ಹೊರಡಬೇಕು, ಊರಿನ ಮುಖಂಡ ಗೂಳಪ್ಪನವರು ಪೇಟ ಸುತ್ತಿಕೊಂಡು ಧಡಧಡ ಬಂದರು. ಸಂಜೆ ರಾಯಚೂರಲ್ಲಿ ಅವರಿಗೆ ಸನ್ಮಾನ.

"ಬರಕೋ! ಜನಸೇವಾರತ್ನ ಕಲಾಪೋಷಕ ದಾನಶೂರ ಗೂಳಪ್ಪ! ಒಂದಕ್ಷರ ಬಿಟ್ಟಿ ಅಂದ್ರ ನಾಳೆನ ನಿನ್ನ ಟ್ರಾನ್ಸ್‌ಫರ್ ಮಾಡಿಸ್ತೀನಿ!"

"ಒಂದೂ ಬಿಡಂಗಿಲ್ರಿ ಸಾಹೇಬ್ರ."

ನಿಂಗರಾಜ ಹೇಳಿದಂತೆಯೇ ಟಕಟಕ ಒತ್ತಿದ. ಪರದೆಯನ್ನು ಅವರತ್ತ ತಿರುಗಿಸಿ ಗಟ್ಟಿಯಾಗಿ ಓದಿದ: "ಹೆಸರು, ಜನಸೇವಾರತ್ನ. ಹತ್ತೋ ಊರು, ಕಲಾಪೋಷಕ. ಇಳಿಯೋ ಊರು, ದಾನಶೂರ. ವಯಸ್ಸು, ಗೂಳಪ್ಪ!"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ನಿಂಗರಾಜ ಕೈಮುಗಿದ. "ದಾನಶೂರಕ್ಕ ನಮ್ಮ ಬಸ್ಸಿಲ್ರಿ. ಬರೇ ಗೂಳಪ್ಪ ಅಂದ್ರ ರಾಯಚೂರಿಗೆ ಒಂದು ಸೀಟ್ ಐತ್ರಿ."

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಗೂಳಪ್ಪನವರ ಪೇಟ ಕಿವಿಗಿಳಿಯಿತು.

"ಗೂಳಪ್ಪ ಅಂತನ ಹಾಕೋ ಮಾರಾಯ! ಬಸ್ ಹೊಂಟತಿ!"

ಟಿಕೆಟ್ ಕೈಗಿಡುತ್ತಾ ನಿಂಗರಾಜ ಮೆಲ್ಲಗೆ ಅಂದ: "ಬಿರುದೆಲ್ಲ ಕೈಯಾಗ ಹಿಡಕೊಂಡು ಹತ್ರಿ ಸಾಹೇಬ್ರ. ಅವಕ್ಕ ಲಗೇಜ್ ಚಾರ್ಜ್ ಹಾಕಂಗಿಲ್ಲ."