ಊಟಕ್ಕೆ ಕೂತ ನೆಲ

"ಗುರುಗಳೇ, ಹಾಳು ಮಾಡುವವರ ನಡುವೆ ಒಂದು ನೆಲವನ್ನು ಉಳಿಸಿಕೊಳ್ಳುವುದು ಹೇಗೆ?" ಎಂದು ಮರುಳಯ್ಯ ಕೇಳಿದ. ದುರಸ್ತಿಗೆಂದು ಮಠದ ಪ್ರಾರ್ಥನಾ ಮಂದಿರದ ಮಾಡಿನ ಹೆಂಚು ಬಿಚ್ಚಿ ಮೂರು ದಿನವಾಗಿತ್ತು. ಒಳಗಿನ ನಯವಾದ ನೆಲವನ್ನು ಕಾಯುವ ಹೊಣೆ ಅವನದು. ಕೆಲಸದವರ ಮೇಲೆ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು.

"ಮೊದಲು ನೀರು ಕುಡಿ," ಎಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ನಡುಮನೆಗೆ ಕೆಂಪು ಗಾರೆಯ ನೆಲ. ಮದುವೆಯಾಗಿ ಬಂದ ವರ್ಷ ಅದಕ್ಕೆ ಎಣ್ಣೆ ಹಚ್ಚಿ ಉಜ್ಜಲು ಹಿಡಿದ ಅವನ ಹೆಂಡತಿ ಇಪ್ಪತ್ತು ವರ್ಷ ಬಿಟ್ಟಿರಲಿಲ್ಲ. ಅಂಥ ನೆಲ ಹಾಕುವವರು ಆ ಸೀಮೆಯಲ್ಲಿ ಯಾರೂ ಉಳಿದಿರಲಿಲ್ಲ. ಹೋದರೆ ಹೋಯಿತು. ಆ ಮನೆಯ ಮಾಡು ಬದಲಿಸಬೇಕಾಗಿ ಬಂದಾಗ ಅವಳಿಗೆ ನೆಲದ್ದೇ ಚಿಂತೆಯಾಯಿತು.

ವ್ಯಾಪಾರಿ ಧೈರ್ಯ ಹೇಳಿದ. ನೆಲದ ತುಂಬ ಗೋಣಿತಾಟು ಹಾಸಿದ, ಬೀರುವಿಗೂ ಮಂಚಕ್ಕೂ ಬಟ್ಟೆ ಸುತ್ತಿದ, ಕುರ್ಚಿ ಹಾಕಿಕೊಂಡು ತಾನೇ ಕಾವಲು ಕೂತ. ಕೆಲಸದವರಿಗೋ, ಹೇಗೂ ಮುಚ್ಚಿದೆಯಲ್ಲ ಎಂಬ ನಿಶ್ಚಿಂತೆ. ಗಾರೆಯ ಬಾಂಡ್ಲಿಯನ್ನು ದೊಪ್ಪೆಂದು ಇಟ್ಟರು, ಹಾರೆಯನ್ನು ಎಳೆದಾಡಿದರು. ಸಂಜೆ ಅವಳು ತಾಟು ಎತ್ತಿ ನೋಡಿದಳು. ಅದರಡಿ ಮರಳು ನುಗ್ಗಿ, ಬಾಗಿಲ ಬಳಿ ಅಂಗೈ ಅಗಲದಷ್ಟು ಹೊಳಪು ಕಿತ್ತುಹೋಗಿತ್ತು. ಅಳು ಬಂತು, ಅತ್ತಳು. ಮರುದಿನ ಗಂಡ ಎರಡು ಪದರ ಹಾಸಿ, ಎರಡರಷ್ಟು ಕೂಗಿದ. ಗೀರು ಇನ್ನಷ್ಟು ಆಳಕ್ಕಿಳಿಯಿತು.

ಮೂರನೆಯ ದಿನ ಊಟದ ಹೊತ್ತಿಗೆ ಅವಳು ತಾಟನ್ನೆಲ್ಲ ತೆಗೆದಳು. ನೆಲ ಒರೆಸಿ ಸಾಲಾಗಿ ಬಾಳೆಲೆ ಹಾಕಿದಳು. ಹಿತ್ತಲಲ್ಲಿ ಬುತ್ತಿ ಬಿಚ್ಚುತ್ತಿದ್ದ ಕೆಲಸದವರನ್ನು ಒಳಗೆ ಕರೆದಳು.

ಗಂಡ ದಂಗಾದ. "ನಿನಗೇನು ತಲೆ ಕೆಟ್ಟಿದೆಯಾ? ನೆಂಟರನ್ನ ಕೂರಿಸೋ ಜಾಗ ಇದು!"

"ಕೂರಿಸ್ತಾ ಇರೋದು ನೆಂಟರನ್ನೇ. ನೀವೂ ಕೂತ್ಕೊಳ್ಳಿ, ಬಡಿಸ್ತೀನಿ."

ಮೇಸ್ತ್ರಿ ಹೊಸ್ತಿಲಲ್ಲೇ ನಿಂತ. "ಕಾಲೆಲ್ಲ ಸುಣ್ಣ, ತಾಯಿ."

"ತೊಳ್ಕೊಂಡು ಬನ್ನಿ. ಕೆಲಸ ಮುಗಿಯೋವರೆಗೂ ನಿಮ್ಮ ಊಟ ಇಲ್ಲೇ."

ಎಲ್ಲರೂ ಮುದುಡಿಕೊಂಡೇ ಕೂತರು. ಕೂತ ಮೇಲೆ ಮೇಸ್ತ್ರಿ ನೆಲದ ಮೇಲೆ ಒಮ್ಮೆ ಅಂಗೈ ಆಡಿಸಿದ. ಕಸುಬು ಬಲ್ಲವನು, ಅದರ ಬೆಲೆ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಾಟು ಹಾಸಲು ಹೋದರೆ ಮೇಸ್ತ್ರಿ ಅದನ್ನು ಕೈಯಿಂದ ತೆಗೆದುಕೊಂಡ. ಮೊದಲು ನೆಲ ಗುಡಿಸಿದ. ತಾಟನ್ನು ಅಂಗಳದಲ್ಲಿ ಕೊಡವಿ ತಂದು ಹಾಸಿದ. ಬೀರುವಿನ ಒಂದು ಮೂಲೆಯಲ್ಲಿ ಬಟ್ಟೆ ಜಾರಿತ್ತು, ಅಲ್ಲಿಗೆ ತನ್ನ ಹೆಗಲ ಮೇಲಿನ ಟವೆಲ್ಲನ್ನೇ ಸುತ್ತಿದ. ಒಬ್ಬ ಕೆಲಸದವನು ಬಾಂಡ್ಲಿ ಕುಕ್ಕಲು ಹೋದ. ವ್ಯಾಪಾರಿ ಬಾಯಿ ತೆರೆಯುವ ಮೊದಲೇ ನಾಲ್ಕು ಜನ ಅವನ ಮೇಲೆ ಹರಿಹಾಯ್ದರು: "ನಿಧಾನ ಕಣೋ! ಮಧ್ಯಾಹ್ನ ಎಲೆ ಹಾಕೋ ಜಾಗ!"

ಕೂಗುವ ಕೆಲಸವೂ ಕೈತಪ್ಪಿದ ಮೇಲೆ ವ್ಯಾಪಾರಿ ಕುರ್ಚಿಯನ್ನು ಜಗಲಿಗೆ ಒಯ್ದು ಹಾಯಾಗಿ ನಿದ್ದೆ ಹೊಡೆದ.

ತಿಂಗಳಾದ ಮೇಲೆ ಹೊಸ ಮಾಡು ಎದ್ದು ನಿಂತಿತು. ತಾಟು ತೆಗೆದರು. ಒಂದು ಹೊಸ ಗೀರಿರಲಿಲ್ಲ. ಬಾಗಿಲ ಬಳಿಯ ಗಾಯಕ್ಕೆ ಮೇಸ್ತ್ರಿ ಅರ್ಧ ದಿನ ಕೂತು ನಯಗಲ್ಲು ಆಡಿಸಿದ. ಅವಳು ಎಣ್ಣೆ ಹಚ್ಚಿದಳು. ಬಿಸಿಲು ಒಳಗೆ ಬಿದ್ದಾಗ ನಡುಮನೆಯೆಲ್ಲ ಕೆಂಪಗೆ ಬೆಳಗಿತು. ಅವಳು ನಾಚಿಕೆ ಬಿಟ್ಟು ಗಟ್ಟಿಯಾಗಿ ನಕ್ಕಳು. ಕೆಲಸದವರು ತಾವೇ ಗೆದ್ದವರ ಹಾಗೆ ಕೇಕೆ ಹಾಕಿದರು. ಆವತ್ತು ಹೋಳಿಗೆ ಊಟ. ಪಂಕ್ತಿಯ ಉದ್ದಕ್ಕೂ ಬಗ್ಗಿ ಬಗ್ಗಿ ತುಪ್ಪ ಬಡಿಸಿದವನು ವ್ಯಾಪಾರಿಯೇ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತು. "ಅಷ್ಟೇ ತಾನೇ, ಗುರುಗಳೇ? ಊಟ ನಾವೂ ಹಾಕುತ್ತಿದ್ದೇವಲ್ಲ. ದಿನವೂ ಹೊಟ್ಟೆ ತುಂಬ!"

"ಹಾಕುತ್ತಿದ್ದೇವೆ, ಮರುಳಯ್ಯ. ಎಲೆ ಎಲ್ಲಿ ಹಾಕಿಸಿದ್ದೀ?"

ಮರುಳಯ್ಯ ಹಿತ್ತಲಿಗೆ ಹೋಗಿ, ಕೆಲಸದವರಿಗೆ ಅಲ್ಲಿ ಹಾಕಿಸಿದ್ದ ಎಲೆಗಳನ್ನು ಎತ್ತಿಕೊಂಡು ಮಂದಿರದೊಳಕ್ಕೆ ನಡೆದ.