ಕಲೆಯಿಲ್ಲದ ಚೆಂಡುಗಳ್ಳಿ

ಸಸ್ಯಪ್ರಿಯರ ಸಂಘದ ಸ್ಪರ್ಧೆಗೆ ವಾರಿಜಮ್ಮ ತಂದಿದ್ದ ಚೆಂಡುಗಳ್ಳಿ ಮತ್ತು ಲೋಳೆಸರ ಒಂದೇ ಮೇಜಿನ ಮೇಲಿದ್ದವು. ಲೋಳೆಸರದ ಬುಡದಲ್ಲಿ ಕೊಳೆತ ಭಾಗವನ್ನು ಕತ್ತರಿಸಿದ ಗುರುತಿತ್ತು. ಮೈಮೇಲಿನ ಒಂದೊಂದು ಕಲೆಗೂ ಐದು ಅಂಕ ಕಡಿತವೆಂಬುದು ಸಂಘದ ನಿಯಮ.

“ಈ ಮೈ ಹೊತ್ತುಕೊಂಡು ಸ್ಪರ್ಧೆಗೆ ಬಂದೆಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು,” ಎಂದಿತು ಚೆಂಡುಗಳ್ಳಿ.

“ಅಣ್ಣಾ, ನಿನ್ನ ಕುಂಡದಿಂದ ಕೊಳೆತ ವಾಸನೆ ಬರುತ್ತಿದೆ,” ಎಂದಿತು ಲೋಳೆಸರ. “ಸ್ವಲ್ಪ ಬಾಡಿದಂತೆ ಕಾಣಿಸಿಕೋ. ವಾರಿಜಮ್ಮ ಕಂಡರೆ ಇವತ್ತೇ ಕತ್ತರಿಸಿ ಉಳಿಸುತ್ತಾರೆ. ನನ್ನನ್ನು ಹಾಗೆಯೇ ಉಳಿಸಿದರು.”

“ಬೇರು ಹೋಗಿ ಎರಡು ತಿಂಗಳಾಯಿತು. ತೀರ್ಪುಗಾರರು ಮಣ್ಣಿನೊಳಗೆ ನೋಡುವುದಿಲ್ಲ. ಮೊದಲು ಬಹುಮಾನ ಬರಲಿ, ಆಮೇಲೆ ಕತ್ತರಿಸಿಕೊಂಡರಾಯಿತು.”

ತೀರ್ಪುಗಾರರು ಭೂತಗನ್ನಡಿ ಹಿಡಿದು ಚೆಂಡುಗಳ್ಳಿಯನ್ನು ಸುತ್ತಲೂ ಪರೀಕ್ಷಿಸಿದರು. ಒಂದು ಕಲೆಯೂ ಸಿಗಲಿಲ್ಲ. ಮೊದಲ ಬಹುಮಾನ ಅದಕ್ಕೇ ಬಂತು.

ಫೋಟೋಗೆಂದು ವಾರಿಜಮ್ಮ ಮುಳ್ಳಿನ ಸುತ್ತ ಕಾಗದ ಹಿಡಿದು ಗಿಡವನ್ನು ಮೆಲ್ಲಗೆ ತಿರುಗಿಸಿದರು. ಅದು ಮುಚ್ಚಳದಂತೆ ಕಳಚಿ ಕೈಗೆ ಬಂತು. ಕೆಳಗಿನಿಂದ ನೋಡಿದರೆ ತುದಿಯವರೆಗೂ ಕಪ್ಪು ಟೊಳ್ಳು. ಹೊರಗಿನ ಹಸಿರು ಸಿಪ್ಪೆ ಮಾತ್ರ ಉಳಿದಿತ್ತು.

ಆ ಟೊಳ್ಳಿನಿಂದ ಲೋಳೆಸರಕ್ಕೆ ಮಾತ್ರ ಕೇಳುವಂತೆ ದನಿಯೊಂದು ಬಂತು: “ಬಹುಮಾನ ಬಂತಲ್ಲ. ಈಗ ಕತ್ತರಿಸಲು ಹೇಳು.”

ಎಲ್ಲಿ ಕತ್ತರಿಸಬೇಕೆಂದು ಲೋಳೆಸರಕ್ಕೆ ತಿಳಿಯಲಿಲ್ಲ.